ಐವತ್ತರ ನಂತರದ ಓದಿಗೆ ಕಿಂಡಲ್ ಪೇಪರ್‌ವೈಟ್: ಕೊಡಗಿನ ಮಳೆಗಾಲದಲ್ಲಿ ಬಳಸಿ ಬರೆದ ವಿಮರ್ಶೆ

ಅಮೆಜಾನ್ ಸಂಸ್ಥೆಯ ಇ-ರೀಡರ್, ಅಂದರೆ ಇ-ಪುಸ್ತಕ ಓದಲೆಂದೇ ಇರುವ ಯಂತ್ರವಾದ ಕಿಂಡಲ್ ಪೇಪರ್‌ವೈಟ್‌ನ ಹನ್ನೆರಡನೆಯ ತಲೆಮಾರಿನ ಮಾದರಿ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 16,999 ರೂಪಾಯಿ ಇತ್ತು. ಕೊಡಗಿನಂಥ ಜಿಲ್ಲೆಯಲ್ಲಿ ತೋಟ ಮತ್ತು ಮನೆ ಎರಡನ್ನೂ ನೋಡಿಕೊಂಡಿರುವ, ಮಕ್ಕಳು ಓದಿಗೆಂದು ಊರು ಬಿಟ್ಟ ಮೇಲೆ ಸಂಜೆಯ ಹೊತ್ತು ತನಗೇ ಎಂದು ಸಿಗುತ್ತಿರುವ, ಐವತ್ತು ದಾಟಿದ ಓದುಗರೊಬ್ಬರು ಇಷ್ಟು ಹಣವನ್ನು ಇದಕ್ಕೆ ಹಾಕಬಹುದೇ ಎಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ಇಂಗ್ಲಿಷ್ ಓದುವವರಾದರೆ ಧಾರಾಳವಾಗಿ ಹಾಕಬಹುದು. ಕನ್ನಡವನ್ನಷ್ಟೇ ಓದುವವರಾದರೆ ಸದ್ಯಕ್ಕೆ ಬೇಡ. ಎರಡನ್ನೂ ಓದುವ ನನ್ನಂಥವರಿಗೆ ಉತ್ತರ ಅಷ್ಟು ಸಲೀಸಾಗಿಲ್ಲ.

ಮೊದಲು ಕಣ್ಣಿನ ವಿಷಯ, ಏಕೆಂದರೆ ಈ ವಯಸ್ಸಿನಲ್ಲಿ ಪುಸ್ತಕ ಕೈಬಿಟ್ಟು ಹೋಗುವುದಕ್ಕೆ ಆಸಕ್ತಿ ಬತ್ತಿದ್ದಕ್ಕಿಂತ ಚಾಳೀಸು ಬಂದದ್ದೇ ದೊಡ್ಡ ಕಾರಣವಾಗಿರುತ್ತದೆ. ನಲವತ್ತರ ಆಸುಪಾಸಿನಿಂದ ಕಣ್ಣಿನೊಳಗಿನ ಮಸೂರ ಮೆಲ್ಲಗೆ ಗಡುಸಾಗುತ್ತ ಹೋಗುವುದರಿಂದ ಹತ್ತಿರದ ಅಕ್ಷರಗಳ ಮೇಲೆ ದೃಷ್ಟಿ ನಿಲ್ಲಿಸುವುದು ಕಷ್ಟವಾಗುತ್ತದೆ. ಪುಸ್ತಕವನ್ನು ತೋಳು ಚಾಚಿದಷ್ಟು ದೂರ ಹಿಡಿದು ಓದುವ ಅಭ್ಯಾಸ ಅಲ್ಲಿಂದ ಶುರುವಾಗುತ್ತದೆ. ಕನ್ನಡಕ ಹಾಕಿಕೊಂಡರೂ, ಸಂಜೆ ವೋಲ್ಟೇಜ್ ಇಳಿದ ಬಲ್ಬಿನ ಕೆಳಗೆ ಅಗ್ಗದ ಕಾಗದದ ಮೇಲಿನ ಒತ್ತೊತ್ತಾದ ಸಣ್ಣ ಅಕ್ಷರಗಳನ್ನು ಅರ್ಧ ಗಂಟೆ ಓದಿದರೆ ತಲೆನೋವು ಬರುತ್ತದೆ. ಪೇಪರ್‌ವೈಟ್‌ನ 7 ಇಂಚಿನ ಪರದೆಯಲ್ಲಿ ಇಂಚಿಗೆ 300 ಚುಕ್ಕಿಗಳಿರುವುದರಿಂದ ಅಕ್ಷರದ ಅಂಚು ಅಚ್ಚಿನಷ್ಟೇ ಚೊಕ್ಕಟವಾಗಿ ಕಾಣುತ್ತದೆ, ಮತ್ತು ಆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಸಾಲುಗಳ ನಡುವಿನ ಅಂತರ, ಅಂಚಿನ ಖಾಲಿ ಜಾಗ, ಅಕ್ಷರದ ದಪ್ಪ ಎಲ್ಲವೂ ಓದುವವರ ಕೈಯಲ್ಲೇ ಇವೆ. ತೂಕ 211 ಗ್ರಾಂ. ಆರುನೂರು ಪುಟದ ಕಾದಂಬರಿಯೊಂದನ್ನು ಮಲಗಿಕೊಂಡು ಎದೆಯ ಮೇಲೆ ನಿಲ್ಲಿಸಿ ಓದುವ ಸುಖವನ್ನು ಕತ್ತುನೋವಿನಿಂದಾಗಿ ಬಿಟ್ಟುಕೊಟ್ಟವರಿಗೆ ಈ ತೂಕದ ಬೆಲೆ ಕೂಡಲೇ ತಿಳಿಯುತ್ತದೆ.

ಫೋನಿನಲ್ಲಿಯೇ ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದಲ್ಲ ಎಂದು ಕೇಳುವವರಿಗಾಗಿ ಈ ಪರದೆಯ ಕೆಲಸದ ಬಗೆಯನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಸಂಶೋಧನೆಯಿಂದ ಹುಟ್ಟಿ 1997ರಲ್ಲಿ ಸ್ಥಾಪನೆಯಾದ ಇ-ಇಂಕ್ ಸಂಸ್ಥೆಯ ತಂತ್ರ ಇದು. ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು ತುಂಬಿಕೊಂಡಿರುತ್ತವೆ; ಒಂದೊಂದರೊಳಗೂ ಒಂದು ಬಗೆಯ ದ್ರವದಲ್ಲಿ ಕಪ್ಪು ಮತ್ತು ಬಿಳಿ ಕಣಗಳು ವಿರುದ್ಧ ವಿದ್ಯುದಂಶ ಹೊತ್ತುಕೊಂಡು ತೇಲುತ್ತಿರುತ್ತವೆ. ಪುಟ ತಿರುವಿದಾಗ ವಿದ್ಯುತ್ ಹರಿದು, ಅಕ್ಷರ ಮೂಡಬೇಕಾದ ಕಡೆ ಕಪ್ಪು ಕಣಗಳು ಮೇಲೆ ಬರುತ್ತವೆ, ಉಳಿದ ಕಡೆ ಬಿಳಿ. ಹಾಗೆ ಮೂಡಿದ ಪುಟವನ್ನು ಹಾಗೆಯೇ ಇರಿಸಿಕೊಳ್ಳಲು ವಿದ್ಯುತ್ ಬೇಕಾಗಿಲ್ಲ. ಕತ್ತಲಲ್ಲಿ ಓದಲು ಬೆಳಕಿದೆ, ಆದರೆ ಅದು ಅಂಚಿನ ಎಲ್‌ಇಡಿಗಳಿಂದ ಹೊರಟು ಪರದೆಯ ಮೇಲ್ಮೈಯನ್ನು ಬೆಳಗುತ್ತದೆಯೇ ಹೊರತು ಫೋನಿನ ಹಾಗೆ ಹಿಂದಿನಿಂದ ಕಣ್ಣಿಗೆ ಹಾಯುವುದಿಲ್ಲ. ಬೆಳಕಿನ ಬಣ್ಣವನ್ನು ಬಿಳಿಯಿಂದ ಹಳದಿಗೆ ಹೊರಳಿಸಬಹುದು. ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡದಷ್ಟು ಕಡಿಮೆಯನ್ನೂ ಮಾಡಬಹುದು.

ಈ ತಂತ್ರಕ್ಕೆ ಒಂದು ಮಂದಗತಿ ಇದೆ. ಹಿಂದಿನ ಮಾದರಿಗಿಂತ ಪುಟ ತಿರುವುವುದು ಕಾಲುಭಾಗ ವೇಗವಾಗಿದೆ ಎಂದು ಕಂಪನಿ ಹೇಳಿಕೊಂಡಿದೆ, ಅದು ನಿಜವೂ ಇರಬಹುದು. ಆದರೂ ಫೋನಿನ ಪರದೆಗೆ ಒಗ್ಗಿದ ಬೆರಳಿಗೆ ಇದು ನಿಧಾನ ಎನ್ನಿಸುತ್ತದೆ. ಇ-ಪುಸ್ತಕ ಕೊಳ್ಳುವ ಅಮೆಜಾನ್‌ನ ಆನ್‌ಲೈನ್ ಅಂಗಡಿಯ ಪುಟ ತೆರೆದುಕೊಳ್ಳಲು ತಡ, ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷರ ಒತ್ತಿದರೆ ಮೂಡಲು ತಡ, ಬಣ್ಣವಿಲ್ಲ, ಚಲಿಸುವ ಚಿತ್ರವಿಲ್ಲ, ಆಗೊಮ್ಮೆ ಈಗೊಮ್ಮೆ ಹಿಂದಿನ ಪುಟದ ಮಸಿಯನ್ನು ಅಳಿಸಲು ಇಡೀ ಪರದೆ ಕಪ್ಪಾಗಿ ಮಿಂಚಿ ಸರಿಯಾಗುತ್ತದೆ. ವಯಸ್ಸಿನ ಹುಡುಗರು ಇದನ್ನು ಕೊರತೆಯ ಪಟ್ಟಿಗೆ ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ಸೈನ್ಯದಿಂದ ನಿವೃತ್ತರಾಗಿ ಬಹಳ ವರ್ಷಗಳಾದ ನಮ್ಮ ಮಾವನವರು ಇದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ರಲ್ಲಿ ಫೋನ್ ಬರೋದಿಲ್ಲ ತಾನೇ?” ಎಂದು ಕೇಳಿದರು. “ಬರೋದಿಲ್ಲ ಮಾವ” ಎಂದೆ. “ಹಾಗಾದ್ರೆ ಒಳ್ಳೇದು, ಇಲ್ಲಿ ಕೊಡು” ಎಂದು ಇಟ್ಟುಕೊಂಡರು. ಪುಟಕ್ಕೆ ಹತ್ತು ಸಾಲು ಮಾತ್ರ ಹಿಡಿಯುವಷ್ಟು ಅಕ್ಷರ ದೊಡ್ಡದು ಮಾಡಿಕೊಂಡು ಯುದ್ಧದ ಇತಿಹಾಸಗಳನ್ನು ಓದುವ ಅವರಿಂದ ಈ ಯಂತ್ರವನ್ನು ವಾಪಸ್ಸು ಪಡೆಯುವುದೇ ಈಗ ಮನೆಯೊಳಗಿನ ತಕರಾರು.

ನಡುವಯಸ್ಸಿನ ನೆಮ್ಮದಿಗೂ ಈ ಯಂತ್ರಕ್ಕೂ ಏನು ಸಂಬಂಧ ಎಂದರೆ, ಇದೇ. ಇಪ್ಪತ್ತೈದರಲ್ಲಿ ಓದುವಾಗ ಎಲ್ಲವನ್ನೂ ಓದಿ ಮುಗಿಸಬೇಕು, ಬೇರೆಯವರು ಹೆಸರಿಸಿದ ಪುಸ್ತಕ ತನಗೂ ಗೊತ್ತಿರಬೇಕು ಎಂಬ ಹಪಾಹಪಿ ಇರುತ್ತದೆ. ಐವತ್ತರ ನಂತರ ಮುಂದೆ ಎಷ್ಟು ಓದಲು ಸಾಧ್ಯ ಎಂಬುದರ ಅಂದಾಜು ತಾನಾಗಿಯೇ ಸಿಕ್ಕಿಬಿಡುತ್ತದೆ, ಮತ್ತು ಆ ಅಂದಾಜು ಸಿಕ್ಕ ಮೇಲೆ ಓದುವ ಪುಸ್ತಕದ ರುಚಿ ಹೆಚ್ಚುತ್ತದೆ. ವಿಚಿತ್ರವೆಂದರೆ, ಇ-ರೀಡರ್‌ಗಳನ್ನು ಮಾರುವವರು ಮಾತನಾಡುವುದು ಆ ಹಪಾಹಪಿಯ ಭಾಷೆಯಲ್ಲಿ. 16 ಜಿಬಿ ಜಾಗ, ಸಾವಿರಾರು ಪುಸ್ತಕ, ಕ್ಷಣದಲ್ಲಿ ಖರೀದಿ! ಯಂತ್ರದೊಳಗೂ ಅದರ ಗುರುತುಗಳಿವೆ: ಪುಟದ ಕೆಳಗೆ ಎಷ್ಟು ಶೇಕಡಾ ಮುಗಿಯಿತು, ಅಧ್ಯಾಯ ಮುಗಿಯಲು ಇನ್ನೆಷ್ಟು ನಿಮಿಷ ಬೇಕು ಎಂದು ತೋರಿಸುತ್ತಲೇ ಇರುತ್ತದೆ, ಎಷ್ಟು ದಿನ ತಪ್ಪದೆ ಓದಿದಿರಿ ಎಂಬುದನ್ನು ಬೇರೊಂದು ಕಡೆ ಎಣಿಸಿಡುತ್ತದೆ. ಕಾಫಿ ಕುಯ್ಲಿನ ಕಾಲದಲ್ಲಿ ಆಳುಗಳ ಹಾಜರಿ, ಚೀಲದ ತೂಕ, ಕಣದಲ್ಲಿ ಒಣಗಿದ್ದೆಷ್ಟು ಒಣಗದ್ದೆಷ್ಟು ಎಂದು ಇಡೀ ದಿನ ಲೆಕ್ಕ ಬರೆದವರಿಗೆ ರಾತ್ರಿ ಕಾದಂಬರಿಯೂ ಲೆಕ್ಕ ಕೇಳುವುದು ಬೇಕಿಲ್ಲ.

ಅದೃಷ್ಟಕ್ಕೆ ಇದನ್ನೆಲ್ಲ ಸುಮ್ಮನಾಗಿಸಬಹುದು. ಓದುವ ಪುಟದ ಎಡಗಡೆಯ ಕೆಳಮೂಲೆಯನ್ನು ಬೆರಳಿನಿಂದ ಮುಟ್ಟುತ್ತ ಹೋದರೆ ಪುಟಸಂಖ್ಯೆ, ಅಧ್ಯಾಯಕ್ಕೆ ಉಳಿದ ಸಮಯ, ಪುಸ್ತಕಕ್ಕೆ ಉಳಿದ ಸಮಯ ಒಂದಾದ ಮೇಲೊಂದು ಬಂದು, ಕೊನೆಗೆ ಆ ಮೂಲೆ ಖಾಲಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಏರೋಪ್ಲೇನ್ ಮೋಡ್ ಹಾಕಿಟ್ಟರೆ ಮುಖಪುಟದಲ್ಲಿ ಹೊಸ ಹೊಸ ಪುಸ್ತಕಗಳ ಶಿಫಾರಸು ಬಂದು ಕೂರುವುದೂ ಕಡಿಮೆಯಾಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಒಂದು ಹೊತ್ತಿಗೆ ಹತ್ತಾರು ಪುಸ್ತಕಕ್ಕಿಂತ ಹೆಚ್ಚನ್ನು ಇದರಲ್ಲಿ ಇಡದಿರುವುದು ನನ್ನ ರೂಢಿ. ಯಾವುದೇ ಪುಸ್ತಕದ ಮೊದಲ ಕೆಲವು ಪುಟಗಳನ್ನು ಮಾದರಿಯೆಂದು ಉಚಿತವಾಗಿ ತರಿಸಿಕೊಳ್ಳಬಹುದಾದ್ದರಿಂದ, ಕೊಳ್ಳುವ ಮೊದಲು ಮಾದರಿ ಓದಿ, ಮುಗಿದ ಮೇಲೂ ಮುಂದಿನ ಪುಟ ಬೇಕೆನ್ನಿಸಿದರೆ ಮಾತ್ರ ಹಣ ಕೊಡುವುದು ಒಳ್ಳೆಯದು. ಹೀಗೆ ಬಳಸಿದಾಗ ಇದು ತಯಾರಕರು ಉದ್ದೇಶಿಸಿದ್ದಕ್ಕಿಂತ ಚಿಕ್ಕ ವಸ್ತುವಾಗುತ್ತದೆ, ಮತ್ತು ನಮ್ಮ ವಯಸ್ಸಿಗೆ ಅದೇ ಸರಿಯಾದ ಅಳತೆ.

ಕೊಡಗಿನ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ ಎಂಬುದು ನಾನು ನಿರೀಕ್ಷಿಸದೆ ಕಂಡುಕೊಂಡ ಸಂಗತಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳುವವರಿರುವುದಿಲ್ಲ. ಅದರ ಬೆನ್ನಿಗೇ ಫೋನಿನ ರೇಂಜೂ ಹೋಗುತ್ತದೆ. ಪೇಪರ್‌ವೈಟ್‌ನ ಬ್ಯಾಟರಿ ದಿನಕ್ಕೆ ಅರ್ಧ ಗಂಟೆಯ ಓದಿಗೆ ಹನ್ನೆರಡು ವಾರದವರೆಗೆ ಬರುತ್ತದೆ ಎಂಬುದು ಕಂಪನಿಯ ಲೆಕ್ಕ, ಅದೂ ವೈರ್‌ಲೆಸ್ ಆರಿಸಿ ಬೆಳಕನ್ನು ನಡುಮಟ್ಟದಲ್ಲಿ ಇಟ್ಟಾಗ. ಅಂದರೆ ಒಟ್ಟು ಸುಮಾರು 42 ಗಂಟೆ; ದಿನಕ್ಕೆ ಎರಡು ಗಂಟೆ ಓದುವವರಿಗೆ ಮೂರು ವಾರ. ನನ್ನ ಅನುಭವ ಇದಕ್ಕೆ ತೀರ ದೂರವಿಲ್ಲ. ಒಮ್ಮೆ ಇಳಿಸಿಕೊಂಡ ಪುಸ್ತಕಕ್ಕೆ ನೆಟ್‌ವರ್ಕ್ ಬೇಕಾಗಿಲ್ಲವಾದ್ದರಿಂದ, ಮಳೆ ಹಿಡಿಯುವ ಮೊದಲು ಪೇಟೆಗೆ ಹೋದಾಗ ಫೋನಿನ ಹಾಟ್‌ಸ್ಪಾಟ್‌ನಿಂದ ಬೇಕಾದದ್ದನ್ನು ತುಂಬಿಕೊಂಡು ಬಂದರೆ ಆ ತಿಂಗಳು ಕಳೆಯುತ್ತದೆ. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಮೇಲೆ ಮನೆಯ ದಾಖಲೆಪತ್ರಗಳನ್ನು ಒಂದು ಚೀಲದಲ್ಲಿ ಕಟ್ಟಿ ಕೈಗೆಟುಕುವಂತೆ ಇಡುವ ಪದ್ಧತಿ ನಮ್ಮಲ್ಲಿ ಬಂದಿದೆ. ಪುಸ್ತಕದ ಕಪಾಟನ್ನು ಆ ಚೀಲಕ್ಕೆ ಹಾಕಲಾಗುವುದಿಲ್ಲ, ಇದನ್ನು ಹಾಕಬಹುದು.

ತೇವದ ಮಾತು ಬೇರೆಯೇ ಇದೆ. ಮಳೆಗಾಲ ಮುಗಿದು ಕಪಾಟು ತೆಗೆದರೆ ಬರುವ ಮುಗ್ಗಲು ವಾಸನೆ, ಬೈಂಡಿನ ಮೇಲೆ ಹತ್ತಿದ ಬೂಷ್ಟು, ಅಂಟು ತಿನ್ನುವ ಹುಳ, ಇವೆಲ್ಲ ಇಲ್ಲಿ ಪುಸ್ತಕ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಗೊತ್ತು. ಪೇಪರ್‌ವೈಟ್‌ಗೆ ಐಪಿಎಕ್ಸ್8 ದರ್ಜೆಯ ರಕ್ಷಣೆಯಿದೆ, ಅಂದರೆ 2 ಮೀಟರ್ ಸಿಹಿನೀರಿನಲ್ಲಿ 60 ನಿಮಿಷ ಮುಳುಗಿದರೂ ತಾಳಿಕೊಳ್ಳುವಂತೆ ಪರೀಕ್ಷಿಸಲಾಗಿದೆ. ಇಷ್ಟರ ಪ್ರಯೋಗ ಮಾಡಲು ನಾನು ಹೋಗಿಲ್ಲ, ಆದರೆ ಜಗಲಿಯ ಇರಚಲಿಗೆ ಹೆದರದೆ ಕೂತು ಓದಬಹುದು. ತೊಂದರೆ ಬಂದದ್ದು ಕವಚದಿಂದ. ಚರ್ಮದಂತೆ ಕಾಣುವ ಚೆಂದದ ಕವಚ ಕಕ್ಕಡ ಅರ್ಧ ಕಳೆಯುವ ಮೊದಲೇ ಬಿಳಿ ಬೂಷ್ಟು ಹಿಡಿದು, ಒರೆಸಿದರೂ ಮಡಿಕೆಯ ಜಾಗದಲ್ಲಿ ಮತ್ತೆ ಮತ್ತೆ ಮೂಡಿತು. ಇಲ್ಲಿಯವರು ಸಾದಾ ಸಿಲಿಕೋನ್ ಕವಚ ಹಾಕಿಸಿಕೊಳ್ಳಿ, ಒದ್ದೆಯಾದರೆ ಚಾರ್ಜಿಂಗ್ ತೂತು ಪೂರ್ತಿ ಒಣಗುವವರೆಗೆ ಕೇಬಲ್ ಚುಚ್ಚಬೇಡಿ.

ಇಷ್ಟು ಹೊಗಳಿದ ಮೇಲೆ ಕನ್ನಡದ ಮಾತು ಆಡಲೇಬೇಕು, ಮತ್ತು ಈ ವಿಷಯದಲ್ಲಿ ನೆಮ್ಮದಿಯಿಂದಿರಲು ನನಗೆ ಸಾಧ್ಯವಾಗಿಲ್ಲ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್ ಅಂಗಡಿಯನ್ನು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳಿಗೆ ತೆರೆಯಿತು. ಆ ಐದರಲ್ಲಿ ಕನ್ನಡ ಇರಲಿಲ್ಲ. ಕುಟ್ಟದ ಗಡಿ ದಾಟಿದರೆ ವಯನಾಡು; ಅಲ್ಲಿನ ಓದುಗರು ಹಾಸಿಗೆಯಲ್ಲಿ ಮಲಗಿಕೊಂಡು ತಮ್ಮ ಭಾಷೆಯ ಕಾದಂಬರಿಯನ್ನು ಅಕ್ಷರ ದೊಡ್ಡದು ಮಾಡಿಕೊಂಡು ಓದುವಾಗ, ಗಡಿಯ ಈಚೆಯವರಿಗೆ ಅದೇ ಯಂತ್ರದ ಅದೇ ಅಂಗಡಿಯಲ್ಲಿ ಆ ಸೌಲಭ್ಯವಿಲ್ಲ. ಹೊಸ ಕನ್ನಡ ಪುಸ್ತಕ ಬೇಕೆಂದರೆ ನಾವು ಇಂದಿಗೂ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋದವರ ಕೈಯಲ್ಲಿ ತರಿಸಬೇಕು, ಇಲ್ಲವೇ ಅಂಚೆಗೆ ಕಾಯಬೇಕು. ರೈಲಿಲ್ಲದ, ತೋಟದ ಮನೆಗಳು ಒಂದಕ್ಕೊಂದು ಮೈಲಿ ದೂರದಲ್ಲಿರುವ ಜಿಲ್ಲೆಗೆ ಇ-ಪುಸ್ತಕ ಬೇಕಾಗುವಷ್ಟು ಬೆಂಗಳೂರಿಗೆ ಬೇಕಾಗಿರಲಾರದು.

ಹಾಗಾದರೆ ಈ ಯಂತ್ರದಲ್ಲಿ ಕನ್ನಡ ಓದಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಕಷ್ಟಪಡಬೇಕು. ಸುಲಭವಾದ ದಾರಿ ಪಿಡಿಎಫ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ, ಅವನ್ನು ಸೆಂಡ್ ಟು ಕಿಂಡಲ್ ಎಂಬ ಸೌಲಭ್ಯದಿಂದ ಯಂತ್ರಕ್ಕೆ ಕಳಿಸಿಕೊಳ್ಳಬಹುದು. ಇ-ಮೇಲ್ ಮೂಲಕವಾದರೆ 50 ಎಂಬಿ, ಬ್ರೌಸರ್ ಮೂಲಕವಾದರೆ 200 ಎಂಬಿವರೆಗೆ. ತೆರೆದು ನೋಡಿದಾಗ ತೊಡಕು ಗೊತ್ತಾಗುತ್ತದೆ. ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರವಷ್ಟೇ ಆದ್ದರಿಂದ ಅಕ್ಷರವನ್ನು ಮಾತ್ರ ಹಿಗ್ಗಿಸಲಾಗುವುದಿಲ್ಲ. ಡೆಮಿ ಅಳತೆಯ ಪುಟ 7 ಇಂಚಿಗೆ ಕುಗ್ಗಿದಾಗ ದೊಡ್ಡ ಅಕ್ಷರ ಓದಲು ಬಂದರೂ ಕೆಳಗಿನ ಒತ್ತಕ್ಷರ ಮಸಿಯ ಚುಕ್ಕಿಯಾಗಿಬಿಡುತ್ತದೆ, ತವೊತ್ತೋ ನವೊತ್ತೋ ಎಂದು ಊಹಿಸಿಕೊಂಡು ಓದಬೇಕು. ಹಳದಿಗಟ್ಟಿದ ಕಾಗದ ಇಲ್ಲಿ ಬೂದು ಹಿನ್ನೆಲೆಯಾಗಿ ಬರುತ್ತದೆ. ಯಂತ್ರವನ್ನು ಅಡ್ಡಕ್ಕೆ ತಿರುಗಿಸಿ ಒಂದು ಸಲಕ್ಕೆ ಅರ್ಧ ಪುಟ ಮಾತ್ರ ತೋರುವಂತೆ ಮಾಡಿಕೊಂಡು, ಕಾಂಟ್ರಾಸ್ಟ್ ಹೆಚ್ಚಿಸಿದರೆ ಪರವಾಗಿಲ್ಲ ಎನ್ನುವಷ್ಟಾಗುತ್ತದೆ. ಆದರೆ ಚಾಳೀಸಿನ ಕಣ್ಣಿಗೆಂದು ಕೊಂಡ ವಸ್ತು ಅದೇ ಕಣ್ಣನ್ನು ಮತ್ತೆ ಕಿರಿದಾಗಿಸುವಂತೆ ಮಾಡಿದರೆ ಕೊಂಡದ್ದೇಕೆ?

ಇ-ಪುಸ್ತಕಗಳಿಗೆಂದೇ ಇರುವ ಇಪಬ್ ರೂಪದ ಕಡತ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅದರಲ್ಲಿ ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಕೃತಿಗಳನ್ನು ಇಪಬ್ ಆಗಿ ಇಳಿಸಿಕೊಳ್ಳಬಹುದು. ಕೋವಿದ್ ಗೋಯಲ್ ಎಂಬ ಭಾರತೀಯ ತಂತ್ರಜ್ಞರು 2006ರಲ್ಲಿ ಆರಂಭಿಸಿದ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಲು ಬಹಳ ಉಪಯೋಗಿ, ಕಂಪ್ಯೂಟರ್ ಇರುವವರು ಅದನ್ನು ಹಾಕಿಕೊಳ್ಳಲೇಬೇಕು. ಆದರೆ ಎಲ್ಲ ಕನ್ನಡ ಕಡತವೂ ಬದಲಾವಣೆಗೆ ಒಗ್ಗುವುದಿಲ್ಲ. ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಗುರುತಿಸುವ ಅಕ್ಷರಸಂಕೇತವಾದ ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಚ್ಚಿಗೆ ಅಣಿಮಾಡಿದ ಪುಸ್ತಕಗಳು ಪಿಡಿಎಫ್‌ನಲ್ಲಿ ಮುದ್ದಾಗಿಯೇ ಕಾಣುತ್ತವೆ. ಅವನ್ನು ಇಪಬ್ ಮಾಡಿದ ಕೂಡಲೇ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಅರ್ಥವಿಲ್ಲದ ಸಾಲುಗಳು ಉಳಿಯುತ್ತವೆ, ಏಕೆಂದರೆ ಆ ಫಾಂಟುಗಳು ಇಂಗ್ಲಿಷಿನ ಸಂಕೇತಗಳ ಮೇಲೆಯೇ ಕನ್ನಡದ ಆಕಾರವನ್ನು ಕೂರಿಸಿದ್ದವು. ಕೊಳ್ಳುವ ಮೊದಲು ಪರಿಚಯದವರ ಯಂತ್ರಕ್ಕೆ ಯೂನಿಕೋಡ್ ಕನ್ನಡದ ಒಂದು ಕಡತವನ್ನು ಕಳಿಸಿ, ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರುತ್ತದೆಯೇ ಎಂದು ನೀವೇ ಕಣ್ಣಾರೆ ನೋಡಿಕೊಳ್ಳುವುದು ಉತ್ತಮ.

ಉಚಿತವಾಗಿ, ಕಾನೂನಿಗೆ ಒಳಪಟ್ಟು ಏನನ್ನು ಓದಬಹುದು ಎಂಬುದಕ್ಕೂ ಒಂದು ಗಡಿಯಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಉಳಿಯುತ್ತದೆ. ಕೊಡಗಿನ ಓದುಗರಿಗೆ ಇದರಿಂದ ಒಂದಿಷ್ಟು ಲಾಭವೇ ಆಗಿದೆ: 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರ ಕಥೆಗಳಾಗಲಿ, ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಜನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಾಗಲಿ ಈಗ ಎಲ್ಲರ ಸೊತ್ತು. ಇಂಥವು ತಿದ್ದಿದ, ಯೂನಿಕೋಡ್‌ನ ಒಳ್ಳೆಯ ಇಪಬ್‌ಗಳಾಗಿ ಬಂದರೆ ಈ ವಿಮರ್ಶೆಯ ಅರ್ಧ ದೂರು ಕಡಿಮೆಯಾಗುತ್ತದೆ. ಇಂದಿನ ಲೇಖಕರನ್ನು ಓದಲು ಮಾತ್ರ ಬೇರೆ ದಾರಿ ಹಿಡಿಯಬೇಕು. ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳಲ್ಲಿ ಹೊಸ ಇ-ಪುಸ್ತಕಗಳು ಚೆನ್ನಾಗಿ ಸಿಗುತ್ತವೆ, ಆದರೆ ಅವನ್ನು ಅದೇ ಆ್ಯಪ್‌ನಲ್ಲಿ, ಅಂದರೆ ಫೋನಿನಲ್ಲೋ ಟ್ಯಾಬ್‌ನಲ್ಲೋ ಓದಬೇಕು. ಕಿಂಡಲ್‌ಗೆ ಅವು ಬರುವುದಿಲ್ಲ. ಬೂಕ್ಸ್‌ನಂಥ ಕೆಲವು ಇ-ಇಂಕ್ ಯಂತ್ರಗಳು ಆಂಡ್ರಾಯ್ಡ್ ಆಧಾರದ ಮೇಲೆ ನಡೆಯುವುದರಿಂದ ಇಂಥ ಆ್ಯಪ್‌ಗಳನ್ನು ಅವುಗಳಲ್ಲಿ ಹಾಕಿಕೊಳ್ಳಲು ಅವಕಾಶವಿದೆ. ಓದಿನ ಬಹುಪಾಲು ಕನ್ನಡವೇ ಆಗಿರುವವರು ಪೇಪರ್‌ವೈಟ್‌ಗೆ ಹಣ ಹಾಕುವ ಬದಲು ಅತ್ತ ನೋಡುವುದು ಸರಿ, ಆದರೆ ಆಂಡ್ರಾಯ್ಡ್ ಬಂದ ಕಡೆ ವಾಟ್ಸ್‌ಆ್ಯಪ್ ಕೂಡ ಬರುತ್ತದೆ ಎಂಬುದನ್ನು ಮರೆಯಬಾರದು.

ಒಡೆತನದ ಬಗ್ಗೆ ಚಿಕ್ಕದಾಗಿ. ಕಿಂಡಲ್ ಅಂಗಡಿಯಲ್ಲಿ ನಾವು ಹಣ ಕೊಡುವುದು ಓದುವ ಪರವಾನಗಿಗೆ. 2009ರಲ್ಲಿ ಹಕ್ಕುಸ್ವಾಮ್ಯದ ತಕರಾರಿನಿಂದಾಗಿ ಅಮೆಜಾನ್ ತಾನು ಮಾರಿದ್ದ ಕೆಲವು ಪುಸ್ತಕಗಳನ್ನು ಅಮೆರಿಕದ ಓದುಗರ ಯಂತ್ರಗಳಿಂದಲೇ ಅಳಿಸಿ ಹಣ ಹಿಂದಿರುಗಿಸಿತ್ತು. 2025ರ ಫೆಬ್ರವರಿ 26ರಿಂದ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನೂ ನಿಲ್ಲಿಸಿತು. ಓದಿ ಮುಗಿದ ಪುಸ್ತಕವನ್ನು ಅಕ್ಕತಂಗಿಯರಿಗೋ ನೆರೆಮನೆಗೋ ದಾಟಿಸುವುದು ಓದಿನ ಅರ್ಧ ಸಂತೋಷ ಎನ್ನುವವರಿಗೆ ಇದು ಸಣ್ಣ ಕೊರತೆಯಲ್ಲ. ಮಕ್ಕಳಿಗೆ ಉಳಿಯಬೇಕೆನ್ನಿಸುವ ಪುಸ್ತಕವನ್ನು, ಬೂಷ್ಟು ಹಿಡಿದರೂ ಸರಿ, ನಾನು ಕಾಗದದಲ್ಲಿಯೇ ಕೊಳ್ಳುತ್ತೇನೆ.

ಶುರು ಮಾಡುವವರಿಗೆ ಕೊನೆಯದಾಗಿ ಕೆಲವು ಮಾತು. ಖಾತೆ ತೆರೆದು ಯಂತ್ರವನ್ನು ನೋಂದಾಯಿಸುವಾಗ ವೈಫೈ ಅಥವಾ ಹಾಟ್‌ಸ್ಪಾಟ್ ಬೇಕೇ ಬೇಕು, ಆದ್ದರಿಂದ ಆ ಕೆಲಸವನ್ನು ರೇಂಜ್ ಇರುವ ಕಡೆ ಮುಗಿಸಿಕೊಳ್ಳಿ. ಮೊದಲ ಪುಸ್ತಕವಾಗಿ ಹಿಂದೆ ಒಮ್ಮೆ ಓದಿ ಇಷ್ಟಪಟ್ಟಿದ್ದನ್ನೇ ಹಾಕಿಕೊಂಡರೆ ಯಂತ್ರಕ್ಕೆ ಕೈ ಒಗ್ಗುವವರೆಗೆ ಕಥೆಯ ಎಳೆ ತಪ್ಪುವುದಿಲ್ಲ. ಹಬ್ಬದ ಮಾರಾಟದ ಕಾಲದಲ್ಲಿ ಬೆಲೆ ಇಳಿಯುವುದುಂಟು, ಅವಸರವಿಲ್ಲದವರು ಕಾಯಬಹುದು. ಮನೆ ಪೇಟೆಯಿಂದ ದೂರವಿದ್ದರೆ ಪಾರ್ಸೆಲ್ ತರುವವರು ಬಸ್‌ಸ್ಟಾಂಡಿನ ಯಾವುದೋ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರಾದ್ದರಿಂದ, ಪೆಟ್ಟಿಗೆಯನ್ನು ಅಲ್ಲಿಯೇ ಬಿಚ್ಚಿ ಪರದೆಯಲ್ಲಿ ಗೀರು, ಬಿರುಕು ಇದೆಯೇ ಎಂದು ನೋಡಿ ತನ್ನಿ. ಪೆಟ್ಟಿಗೆಯೊಳಗೆ ಯುಎಸ್‌ಬಿ-ಸಿ ಕೇಬಲ್ ಮಾತ್ರ ಇರುತ್ತದೆ, ಚಾರ್ಜರ್ ಇರುವುದಿಲ್ಲ. ಮನೆಯಲ್ಲಿರುವ ಫೋನಿನ ಚಾರ್ಜರೇ ಸಾಕಾಗುತ್ತದೆ, ಅದಕ್ಕೆಂದು ಬೇರೆ ದುಡ್ಡು ಕೊಡಬೇಡಿ.